ಮಾವನವರ ಪಟ್ಟೆಮೀನು

ಹೊಳೆಯ ತಳದ ಮರಳು ಕೆದಕಿ ಬದುಕುವ ಆ ಪಟ್ಟೆಮೀನನ್ನು ಮನೆಯ ಗಾಜಿನ ತೊಟ್ಟಿಗೆ ತಂದು ಬಿಟ್ಟಿದ್ದು ಮೇಷ್ಟ್ರ ಮಾವ. ಅವರು ತೀರಿಕೊಂಡು ಒಂಬತ್ತು ವರ್ಷವಾದರೂ ಹೆಂಡತಿ ದಿನಾ ತೊಟ್ಟಿಯ ಮುಂದೆ ಕೂತು, "ಅಪ್ಪನ ಮೀನು ಇನ್ನೂ ಗಟ್ಟಿಮುಟ್ಟಾಗಿದೆ ನೋಡ್ರಿ" ಅನ್ನುತ್ತಿದ್ದಳು. ಅದು ಐದು ವರ್ಷದ ಹಿಂದೆಯೇ ಸತ್ತಿದ್ದನ್ನೂ, ತಾವು ಗುಟ್ಟಾಗಿ ಇನ್ನೊಂದನ್ನು ತಂದು ಬಿಟ್ಟಿದ್ದನ್ನೂ ಮೇಷ್ಟ್ರು ಬಾಯಿಬಿಟ್ಟು ಹೇಳಿರಲಿಲ್ಲ.

ಇವತ್ತು ಅದೂ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹೆಂಡತಿ ಸ್ನಾನಕ್ಕೆ ಹೋದದ್ದೇ ತಡ, ಸತ್ತದ್ದನ್ನು ಅಳತೆಗೆಂದು ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿ, ಮೇಷ್ಟ್ರು ಹೊಳೆದಂಡೆಗೆ ಓಡಿ ಬಲೆ ಬೀಸುವ ಕೆಂಚಯ್ಯನನ್ನು ಹಿಡಿದರು.

"ಇಂಥದ್ದೇ ಪಟ್ಟೆ, ಇಷ್ಟೇ ಉದ್ದ ಇರಬೇಕು. ಮನೆಯಲ್ಲಿ ಗೊತ್ತಾಗಬಾರದು."

"ಕೊಡ್ತೀನಿ ಬಿಡಿ ಸ್ವಾಮಿ."

"ತೊಟ್ಟಿಯಲ್ಲಿ ಈ ಜಾತಿ ಆರು ತಿಂಗಳು ಬಾಳೋದೂ ಕಷ್ಟ ಅಂತಾರೆ. ನನ್ನ ಕೈಯಲ್ಲಿ ಐದು ವರ್ಷ ಬಾಳಿತು. ನುಣ್ಣನೆ ಮರಳು, ಎರೆಹುಳ, ವಾರಕ್ಕೊಮ್ಮೆ ಹೊಸ ನೀರು. ಎಲ್ಲಾ ಆರೈಕೆಯಲ್ಲಿದೆ ಕೆಂಚಯ್ಯ."

ಕೆಂಚಯ್ಯ ಬಕೆಟ್ಟಿನಿಂದ ಒಂದನ್ನು ಆರಿಸಿ ನೀರು ತುಂಬಿದ ಚೀಲಕ್ಕೆ ಬಿಟ್ಟ.

"ಅಮ್ಮಾವ್ರೂ ಆರಾರು ತಿಂಗಳಿಗೊಂದು ಇದೇ ಅಳತೆಯದ್ದನ್ನೇ ಒಯ್ತಾರೆ ಸ್ವಾಮಿ. ಯಜಮಾನರಿಗೆ ಗೊತ್ತಾಗಬಾರದು ಅಂತಾರೆ."