ಎಡಗಡೆಯ ಬೆಳಕು

ಸಂಜೆ ಕಾಲೇಜಿನಲ್ಲಿ ಓದಿ ಸ್ಕ್ಯಾನ್ ತಂತ್ರಜ್ಞನಾದವನು ನಾನು. ಇದನ್ನು ಹೇಳುವ ಅರ್ಹತೆ ನನಗಿದೆಯೋ ಇಲ್ಲವೋ, ಕ್ಷಮಿಸಿ.

ಇನ್ಸುಲಿನ್ ತಯಾರಿಸುವ ಜೀವಕೋಶಗಳಿಗೆ ಅಂಟಿಕೊಂಡು ಸ್ಕ್ಯಾನಿನಲ್ಲಿ ಬೆಳಗುವ ಹೊಸ ವಿಕಿರಣ ಮದ್ದನ್ನು ನಮ್ಮಲ್ಲಿ ಪರೀಕ್ಷಿಸುತ್ತಿದ್ದರು. ಸಕ್ಕರೆ ಕಾಯಿಲೆಗೆ ಹದಿನೆಂಟು ವರ್ಷದಿಂದ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುತ್ತಿದ್ದ, ಒಂದು ದಿನ ತಪ್ಪಿದರೂ ಆಸ್ಪತ್ರೆ ಸೇರುತ್ತಿದ್ದ ಪುಟ್ಟತಾಯಮ್ಮ ಅದಕ್ಕೆ ಒಪ್ಪಿ ಬಂದಿದ್ದರು.

“ನನ್ನ ಕೋಶಗಳು ಒಂದೆರಡಾದ್ರೂ ಉಳ್ಕೊಂಡವಾ ಮಗಾ?” ಸ್ಕ್ಯಾನ್ ಮುಗಿದೊಡನೆ ಕೇಳಿದರು.

“ಡಾಕ್ಟ್ರು ನೋಡಿ ಹೇಳ್ತಾರಮ್ಮ.”

“ಅವ್ರು ಹೇಳೋದು ಇಂಗ್ಲಿಷಲ್ಲಿ. ನೀನೇ ಹೇಳಪ್ಪ.”

ಆ ಮದ್ದಿನ ಚಿತ್ರ ನಾನು ನೋಡಿದ್ದು ಅದೇ ಮೊದಲು. ಹೊಟ್ಟೆಯ ಎಡಗಡೆ, ಇನ್ಸುಲಿನ್ ತಯಾರಾಗುವ ಮೇದೋಜೀರಕ ಗ್ರಂಥಿ ಇರುವ ಕಡೆ, ದೊಡ್ಡ ಬೆಳಕಿತ್ತು.

“ಚೆನ್ನಾಗಿ ಬೆಳಗ್ತಾ ಇದೆಯಮ್ಮ.”

ಅವರು ಚೀಲದಿಂದ ಇನ್ಸುಲಿನ್ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. “ಇನ್ನು ನಂಗ್ಯಾಕೆ? ಇದನ್ನ ಇಲ್ದೋರಿಗೆ ಕೊಡು.” ನಾನು ಬೇಡವೆನ್ನುವಷ್ಟರಲ್ಲಿ ಹೊರಟೇಬಿಟ್ಟರು.

ಮಧ್ಯಾಹ್ನ ಬಂದ ಡಾಕ್ಟರು ಚಿತ್ರ ನೋಡಿ ಹೇಳಿದರು: “ಇದು ಎಡಗಡೆ ಕಿಡ್ನಿ ಕಣಯ್ಯ, ಬಲಗಡೇದೂ ಬೆಳಗಿದೆ ನೋಡು. ಈ ಮದ್ದು ಎಲ್ಲರ ಕಿಡ್ನೀಲೂ ಹೀಗೇ ಬೆಳಗುತ್ತೆ. ಮೇದೋಜೀರಕದಲ್ಲಿ ಏನೂ ಕಾಣ್ತಿಲ್ಲ.”

ಪುಟ್ಟತಾಯಮ್ಮ ಬರೆಸಿದ್ದ ನಂಬರಿಗೆ ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೇನೆ. ಯಾಕೆ ಯಾರೂ ಎತ್ತುತ್ತಿಲ್ಲವೋ ನನಗೆ ಗೊತ್ತಿಲ್ಲ.