ಕೊನೆಯ ಕಚ್ಚು

ಹಿಂಚಕ್ರದ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗನ್ನು ಕೊನೆಯ ಕಚ್ಚಿನವರೆಗೆ ಬಿಗಿದರೂ ಬೈಕು ಮತ್ತೆ ಬೆರಳಷ್ಟು ತಗ್ಗಿತು. ಕ್ಯಾಸಂಬಳ್ಳಿಯ ಮುನೀಂದ್ರ ಹೆಂಡತಿ ಶ್ಯಾಮಲಳನ್ನೇ ಹಿಂದಿನ ಸೀಟಿಗೆ ಕೂರಿಸಿ ಪರೀಕ್ಷೆ ಮಾಡಿಸುತ್ತಿದ್ದ.

“ಏನ್ಲಾ ಶಿವಾ, ಒಸ ಶಾಕ್ ಅಂತ ಮುದ್ದೆ ಆಕಿದ್ದೀಯಾ? ಒಳಕ್ಕೇ ಓಗ್ತಾ ಐತಲ್ಲ!”

“ಅಕ್ಕನ ತೂಕ ಕಣಣ್ಣ,” ಎಂದು ಮೆಕ್ಯಾನಿಕ್ ಶಿವಪ್ರಸಾದ್ ನಕ್ಕ.

“ನನ್ ಮೇಲೆ ಆಕ್ಬೇಡಪ್ಪಾ, ನಿನ್ ಸ್ಪ್ರಿಂಗೇ ಸೋಂಬೇರಿ,” ಎಂದಳು ಶ್ಯಾಮಲ.

ಕೋಲಾರದ ಹಳೆಯ ಚಿನ್ನದ ಗಣಿ ಪ್ರದೇಶವಾದ ಮೈಸೂರು ಮೈನ್ಸ್‌ನ ತನ್ನ ಶೆಡ್ಡಿನ ಮುಂದೆ ಶಿವಪ್ರಸಾದ್ ಮಂಡಿಯೂರಿ ನೋಡಿದ. ಸ್ಪ್ರಿಂಗಿನ ಸುರುಳಿಗಳು ಒತ್ತಿಕೊಂಡೇ ಇರಲಿಲ್ಲ. ಆದರೂ ಸೀಟು ಇಳಿಯುತ್ತಿತ್ತು. ಟೈರಿನ ಸುತ್ತಲಿನ ಮಣ್ಣು, ನೆಲದಡಿಯ ಮುಚ್ಚಿಹೋದ ಗಣಿಯ ಸುರಂಗದೊಳಕ್ಕೆ, ಸಕ್ಕರೆಯಂತೆ ಸದ್ದಿಲ್ಲದೆ ಜಾರುತ್ತಿತ್ತು.

“ಅಕ್ಕಾ, ಅಲ್ಲಾಡ್ಬೇಡ,” ಎಂದು ಪಿಸುಗುಟ್ಟಿ ಅವಳತ್ತ ಕೈ ಚಾಚಿದ. ಅಷ್ಟರಲ್ಲಿ ಅವನ ಮಂಡಿಯ ಕೆಳಗೂ ನೆಲ ತಗ್ಗಿತು.