ಕಟ್ಟಕಡೆಗೆ ಹೊರಡುವವಳು

ಹೆಟ್ಟಿ ಗಂಡನ ಕೆಂಪು ಕೋಟಿನ ಗುಂಡಿಗಳನ್ನು ಉಜ್ಜುತ್ತಿದ್ದಳು. ಬಟ್ಟೆಗೆ ಕಲೆ ತಾಗದ ಹಾಗೆ ಗುಂಡಿಯ ಕೆಳಗೆ ಸೀಳಿದ ಹಿತ್ತಾಳೆ ಪಟ್ಟಿ ತೂರಿಸಿ, ಬಾಯಿಂದ ಆವಿ ಊದಿ, ಚಿಂದಿಯಿಂದ ತಿಕ್ಕುವುದನ್ನು ಅಪ್ಪ ಕಲಿಸಿದ್ದ. ಏಳನೆಯ ಗುಂಡಿಗೆ ಬಂದಾಗ ಬಾಗಿಲಲ್ಲಿ ಅತ್ತೆ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅದಕ್ಕೆ ಆಳುಗಳಿದ್ದಾರೆ, ಗೊತ್ತಿಲ್ವಾ?"

"ಅವರು ಉಜ್ಜಿದ್ರೆ ಅಂಚಲ್ಲಿ ಉಜ್ಜೋ ಪುಡಿ ಬಿಳಿಯಾಗಿ ಉಳಿಯುತ್ತೆ, ಅತ್ತೆ."

"ಉಳೀಲಿ ಬಿಡು. ಬ್ಯಾರನೆಟ್ ಹೆಂಡತಿ ಕೈ ಹಿತ್ತಾಳೆ ನಾರೋದಕ್ಕಿಂತ ವಾಸಿ." ಹೊರಟವರು ತಿರುಗಿ ನಿಂತರು. "ಇವತ್ತು ರಾತ್ರಿ ಊಟ ಆದ್ಮೇಲೆ ಮೇಜಿಂದ ಹೆಂಗಸರನ್ನ ಎಬ್ಬಿಸೋದು ನಾನೇ. ನೀನು ಸುಮ್ಮನೆ ಎಲ್ಲರ ಜೊತೆ ಎದ್ದು ಬಾ. ಜನರಲ್ ಮನೆಯವರ ಮುಂದೆ ಲಂಗ ತುಳ್ಕೊಂಡು ಬಿದ್ದುಗಿದ್ದೀಯ."

ಊಟ ಮುಗಿದಾಗ ಮನೆಯೊಡತಿ ಅತಿಥಿಗಳಲ್ಲಿ ಹಿರಿಯ ಹೆಂಗಸಿನ ಕಣ್ಣನ್ನು ನೋಡಿ ಎದ್ದು ನಿಲ್ಲಬೇಕು. ಆಗ ಆಕೆ ಏಳುತ್ತಾಳೆ, ಅವಳ ಹಿಂದೆ ಉಳಿದ ಹೆಂಗಸರೂ ಏಳುತ್ತಾರೆ. ಗಂಡಸರನ್ನು ವೈನಿನ ಜೊತೆ ಬಿಟ್ಟು ಎಲ್ಲರೂ ಹೊರನಡೆಯುತ್ತಾರೆ. ಅತಿಥಿಗಳು ಮುಂದೆ, ಮನೆಯೊಡತಿ ಕಟ್ಟಕಡೆಗೆ. ಮಾವ ತೀರಿಹೋಗಿ ‘ಸರ್’ ಅನ್ನಿಸಿಕೊಳ್ಳುವ ಬ್ಯಾರನೆಟ್ ಪದವಿ ಮಗನಿಗೆ ಬಂದು ನಾಲ್ಕು ವರ್ಷ. ಮಗ ರೆಜಿಮೆಂಟಿನ ಕುಲುಮೆಯಿಂದ ಹೆಂಡತಿಯನ್ನು ಕರೆತಂದು ಎಂಟು ತಿಂಗಳು. ಆದರೂ ಹಾರ್ಬಟಲ್ ಮನೆಯಲ್ಲಿ ಕಟ್ಟಕಡೆಗೆ ಹೊರಡುವವರು ಇನ್ನೂ ಅತ್ತೆಯೇ.

ಸಂಜೆ ಮೇಜರ್ ಸರ್ ಲಯೊನೆಲ್ ಆ ಕೋಟು ತೊಡುತ್ತಾ ಹೆಂಡತಿಗೆ ಹೇಳಿದ, "ಇವತ್ತು ನೀನೇ ಏಳಬೇಕು, ಹೆಟ್ಟಿ. ಸುತ್ತಲಿನ ಮನೆಯವರೆಲ್ಲ ಬರ್ತಾರೆ. ಇವತ್ತು ಆಗದಿದ್ರೆ ಇನ್ನು ಯಾವತ್ತೂ ಆಗಲ್ಲ."

"ನಾನು ಎದ್ದು, ಬೇರೆ ಯಾರೂ ಏಳದಿದ್ರೆ?"

ಎರಡು ಪದಕ ಗೆದ್ದ ಗಂಡ ಕನ್ನಡಿಯತ್ತ ತಿರುಗಿದ. ಕತ್ತಿನ ಗುಂಡಿ ಹಾಕಿಕೊಂಡ.

ಅಂಗಳದ ಕಲ್ಲುಹಾಸಿನ ಮೇಲೆ ಜನರಲ್ ಸ್ಪಾಲ್ಡಿಂಗ್ ಅವರ ಗಾಡಿ ಬಂದು ನಿಂತಿತು. ಗೊರಸಿನ ಸದ್ದಿಗೆ ಹೆಟ್ಟಿ ತಲೆ ಓರೆ ಮಾಡಿದಳು. ಜನರಲ್ ಕೈಕುಲುಕಿದಾಗ ನೆಲ ನೋಡುತ್ತಲೇ ಅಂದಳು, "ನಿಮ್ಮ ಬಲಗಡೆ ಕುದುರೆಯ ಹಿಂಗಾಲಿನ ಲಾಳ ಸಡಿಲಾಗಿದೆ, ಸರ್."

"ನೋಡದೇನೇ ಹೇಳ್ತೀಯಲ್ಲಮ್ಮ?"

"ಕೇಳಿಸ್ತು."

ಅತ್ತೆ ನಕ್ಕರು. "ಕ್ಷಮಿಸಿ, ಜನರಲ್. ಹುಡುಗಿ ಬೆಳೆದ ಜಾಗ ಅಂಥದು. ನಾವು ಪಿಯಾನೋ ಕೇಳ್ತಾ ಬೆಳೆದ್ವಿ, ಅವಳು ಸುತ್ತಿಗೆ ಕೇಳ್ತಾ ಬೆಳೆದಳು."

ಎಲ್ಲರೂ ನಕ್ಕರು. ಜನರಲ್ ಮಾತ್ರ ಗಾಡಿಯವನನ್ನು ಕರೆದು ಏನೋ ಹೇಳಿ ಒಳಗೆ ಬಂದರು.

ಸೂಪ್ ಆಯಿತು, ಮೀನು ಆಯಿತು. ಕುರಿಮಾಂಸ ಬಡಿಸುವ ಹೊತ್ತಿಗೆ ಬಟ್ಲರ್ ಬೆಳ್ಳಿಯ ತಟ್ಟೆ ಹಿಡಿದು ಜನರಲ್ ಪಕ್ಕ ಬಂದು ನಿಂತ. ಆತ ಮೂವತ್ತು ವರ್ಷದಲ್ಲಿ ಯಾವುದನ್ನೂ ಬರಿಗೈಲಿ ತಂದುಕೊಟ್ಟವನಲ್ಲ. ತಟ್ಟೆಯ ಮೇಲೆ ಸಗಣಿ ಮೆತ್ತಿದ ಲಾಳವೊಂದಿತ್ತು.

"ಮುಟ್ಟಿದ್ದಕ್ಕೇ ಕಿತ್ತು ಬಂತಂತೆ, ಸರ್. ಸೇತುವೆ ಇಳಿಜಾರಲ್ಲಿ ಬಿದ್ದಿದ್ರೆ ಕುದುರೆ ಮುಗ್ಗರಿಸಿ ಗಾಡಿ ಸಮೇತ ಹೊಳೆಗೆ ಹೋಗ್ತಿತ್ತು ಅಂತ ಗಾಡಿಯವನು ಹೇಳ್ತಿದ್ದಾನೆ."

ಹೋದ ವರ್ಷವಷ್ಟೇ ಗಾಡಿ ಮಗುಚಿ ಭುಜ ಮುರಿದುಕೊಂಡಿದ್ದ ಜನರಲ್ ಹೆಂಡತಿ ಫೋರ್ಕು ಕೆಳಗಿಟ್ಟರು. ಮೇಜಿನ ಆಚೆ ಬದಿಯಲ್ಲಿ ಕೂತಿದ್ದ ಹೆಟ್ಟಿಯನ್ನು ದಿಟ್ಟಿಸಿದರು.

"ಯಾರ ಮಗಳಮ್ಮ ನೀನು?"

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಹೆಟ್ಟಿಯೇ ಹೇಳಿದಳು. ಆ ಮೇಜಿನಲ್ಲಿ ಅವಳ ದನಿ ಎಲ್ಲರಿಗೂ ಕೇಳಿಸಿದ್ದು ಅದೇ ಮೊದಲು. "ರೆಜಿಮೆಂಟಿನ ಕುದುರೆಗಳಿಗೆ ಲಾಳ ಕಟ್ಟೋ ಸಾರ್ಜೆಂಟ್ ಜೋಬ್ ಟಲ್ಲಕ್ ಅವರ ಮಗಳು."

ಹಣ್ಣು ಮುಗಿಯಿತು. ಕಿಟಕಿಯಲ್ಲಿ ಜೂನ್ ತಿಂಗಳ ಬೆಳಕು ಇನ್ನೂ ಇತ್ತು. ಅತ್ತೆ ಕೈವಸ್ತ್ರ ಮಡಿಸಿಟ್ಟು ಜನರಲ್ ಹೆಂಡತಿಯ ಕಣ್ಣನ್ನು ಹುಡುಕಿದರು. ಸಿಗುವ ಮೊದಲೇ, ವರ್ಷಗಳ ಅಭ್ಯಾಸದಂತೆ, ಎದ್ದು ನಿಂತರು.

ಒಂದು ಕುರ್ಚಿಯೂ ಅಲುಗಲಿಲ್ಲ. ಜನರಲ್ ಹೆಂಡತಿ ಕೂತೇ ಇದ್ದರು. ಅವರು ನೋಡುತ್ತಿದ್ದದ್ದು ಹೆಟ್ಟಿಯನ್ನು. ಉಳಿದ ಹೆಂಗಸರು ಜನರಲ್ ಹೆಂಡತಿಯನ್ನು ನೋಡುತ್ತಿದ್ದರು. ಅತ್ತೆಯ ಬೆರಳ ತುದಿಗಳು ಬಿಳಿ ಹಾಸನ್ನು ಒತ್ತಿ ಹಿಡಿದದ್ದು ಹೆಟ್ಟಿಗೆ ಕಂಡಿತು. ಕಂಡರೂ ಅವಳು ಎದ್ದಳು.

ಜನರಲ್ ಹೆಂಡತಿ ತಕ್ಷಣ ಎದ್ದರು. ಹಿಂದೆಯೇ ಏಳೆಂಟು ಕುರ್ಚಿಗಳು ಒಟ್ಟಿಗೆ ಸರಿದವು, ರೇಷ್ಮೆ ಲಂಗಗಳು ಸರಬರ ಅಂದವು. ಸರ್ ಲಯೊನೆಲ್ ಬಟ್ಲರನಿಗೂ ಕಾಯದೆ ತಾನೇ ಹೋಗಿ ಬಾಗಿಲು ತೆರೆದು ಹಿಡಿದ. ಅವನ ಎದೆಯ ಮೇಲೆ ಗುಂಡಿಗಳು ಅಂಚಿನವರೆಗೂ ಹೊಳೆಯುತ್ತಿದ್ದವು. ಹೆಂಗಸರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಹೆಟ್ಟಿಯ ಲಂಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

ಕೊನೆಗೆ ಬಾಗಿಲ ಬಳಿ ಹೆಂಗಸರಲ್ಲಿ ಇಬ್ಬರೇ ಉಳಿದರು. ಅತ್ತೆ ಎಂದಿನಂತೆ ಪಕ್ಕಕ್ಕೆ ಸರಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ತಮ್ಮ ಜಾಗದಲ್ಲಿ ನಿಂತಿದ್ದರು. ಹೆಟ್ಟಿ ಅವರಿಗಿಂತ ಒಂದು ಹೆಜ್ಜೆ ಹಿಂದೆ ನಿಂತಳು. ಹೆಂಗಸರು ಹೋಗುವ ತನಕ ಕೂರುವಂತಿಲ್ಲದ ಗಂಡಸರು ಕೈವಸ್ತ್ರ ಹಿಡಿದು ಕಾಯುತ್ತಿದ್ದರು.

"ನೀವು ಮುಂದೆ ನಡೀರಿ, ಅತ್ತೆ," ಅಂದಳು ಹೆಟ್ಟಿ.